ಮನೆ ಕೈಕೊಟ್ಟಾಗ ಆಡುವ ಇಂಗ್ಲಿಷ್: ಲೀಡ್ಸ್‌ನ ಬಾಡಿಗೆ ಮನೆಯಲ್ಲಿ ನಾನು ಕಲಿತ ಬಗೆ

ಹಾಸನದ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿದವಳು ನಾನು. ಮದುವೆಯಾದ ಮೇಲೆ ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಬಂದೆ. ಪತಿಗೆ ಆಸ್ಪತ್ರೆಯಲ್ಲಿ ಪಾಳಿಯ ಕೆಲಸ. ಹಾಗಾಗಿ ಮಾಲೀಕರ ಪರವಾಗಿ ಬಾಡಿಗೆ ಮನೆ ನೋಡಿಕೊಳ್ಳುವ ಏಜೆಂಟರಿಗೆ ಫೋನ್ ಮಾಡುವುದು, ರಿಪೇರಿಗೆ ಬಂದವರೊಂದಿಗೆ ಮಾತಾಡುವುದು ನನ್ನ ಪಾಲಿಗೆ ಬಂದಿತು. ಓದಿದರೆ ಇಂಗ್ಲಿಷ್ ಅರ್ಥವಾಗುತ್ತಿತ್ತು. ಫೋನಿನಲ್ಲಿ ಮುಖ ಕಾಣದ ಒಬ್ಬರಿಗೆ ನನ್ನ ಅಡುಗೆಮನೆಯ ಸಿಂಕಿನ ಕೆಳಗೆ ಏನಾಗುತ್ತಿದೆ ಎಂದು ವಿವರಿಸುವುದು ಬೇರೆಯೇ ವಿದ್ಯೆ. ಅದನ್ನು ನಾನು ಹೇಗೆ ಕಲಿತೆ ಎಂಬುದನ್ನು, ಇಲ್ಲಿಗೆ ಹೊಸದಾಗಿ ಬರುವವರಿಗೆ ನೆರವಾಗಲೆಂದು ಬರೆಯುತ್ತಿದ್ದೇನೆ.

ಮನೆಯ ವಸ್ತುಗಳಿಗೆಲ್ಲ ಹೆಸರಿನ ಚೀಟಿ ಅಂಟಿಸಿ ಕಲಿಯಿರಿ ಎಂದು ಬಹಳ ಜನ ಹೇಳುತ್ತಾರೆ. ಮಕ್ಕಳಿಗೆ ಅದು ಸರಿ. ನಮಗೆ ಟ್ಯಾಪ್, ಸಿಂಕ್, ವಿಂಡೋ, ಸ್ವಿಚ್ ಎಂಬ ಹೆಸರುಗಳು ಹಾಸನದಲ್ಲಿದ್ದಾಗಲೇ ಗೊತ್ತು. ಗೊತ್ತಿಲ್ಲದಿರುವುದು, ಆ ವಸ್ತು ಕೆಟ್ಟಾಗ ಏನು ಮಾಡುತ್ತದೆ ಎಂದು ಹೇಳುವ ಮಾತು. ಆದ್ದರಿಂದ ನಾನು ನಾಮಪದಗಳನ್ನು ಬದಿಗಿಟ್ಟು ಕ್ರಿಯಾಪದಗಳಿಂದ ಆರಂಭಿಸಿದೆ. ಒಂದು ನೋಟ್‌ಬುಕ್ಕಿನ ಎಡಬದಿಯಲ್ಲಿ ಅಮ್ಮನ ಮನೆಯಲ್ಲಿ ಕೇಳಿದ ಮಾತುಗಳನ್ನೆಲ್ಲ ಬರೆದೆ: ತೊಟ್ಟಿಕ್ಕುತ್ತಿದೆ, ಜಿನುಗುತ್ತಿದೆ, ಸೋರುತ್ತಿದೆ, ಉಕ್ಕಿ ಹರಿಯುತ್ತಿದೆ, ಕಟ್ಟಿಕೊಂಡಿದೆ, ಬಿಗಿಯಾಗಿದೆ, ಸಡಿಲವಾಗಿದೆ, ಬೂಷ್ಟು ಹಿಡಿದಿದೆ. ಬಲಬದಿಯಲ್ಲಿ ಒಂದೊಂದಕ್ಕೂ ಇಂಗ್ಲಿಷಿನ ಜೊತೆಗಾರ ಪದ ಹುಡುಕಿದೆ: ಡ್ರಿಪ್, ಸೀಪ್, ಲೀಕ್, ಓವರ್‌ಫ್ಲೋ, ಬ್ಲಾಕ್ಡ್, ಸ್ಟಿಫ್, ಲೂಸ್, ಮೋಲ್ಡಿ. ತಾಯ್ನುಡಿಯಲ್ಲಿ ಆಗಲೇ ಕಣ್ಣಿಗೆ ಕಟ್ಟಿರುವ ವ್ಯತ್ಯಾಸಕ್ಕೆ ಹೊಸ ಪದ ಬೇಗ ಅಂಟಿಕೊಳ್ಳುತ್ತದೆ. ನಮ್ಮಲ್ಲಿ ಇಲ್ಲದ, ಮನೆಗೆಲ್ಲ ನೀರು ಕಾಯಿಸುವ ಬಾಯ್ಲರ್, ಆ ಬಿಸಿನೀರಿನಿಂದ ಕೋಣೆ ಬೆಚ್ಚಗಿಡುವ ರೇಡಿಯೇಟರ್‌ನಂಥವುಗಳ ಪದಗಳನ್ನು ಮಾತ್ರ ಬೇರೆಯಾಗಿ ಕಲಿಯಬೇಕಾಯಿತು.

ನಂತರ ವಾಕ್ಯ. ದೂರು ಹೇಳುವ ವಾಕ್ಯಕ್ಕೆ ನಾನು ಒಂದು ಕ್ರಮ ಇಟ್ಟುಕೊಂಡೆ: ಎಲ್ಲಿ, ಏನು, ಯಾವಾಗಿನಿಂದ, ಅದರಿಂದ ಏನು ತೊಂದರೆ, ಈಗ ನನಗೇನು ಬೇಕು. ಏಜೆಂಟರ ಕಚೇರಿಯಲ್ಲಿ ಫೋನ್ ಎತ್ತುವವರು ತಮ್ಮ ಫಾರಂನಲ್ಲಿ ತುಂಬಿಕೊಳ್ಳುವುದೂ ಹೆಚ್ಚುಕಡಿಮೆ ಇದನ್ನೇ. ಈ ಕ್ರಮದಲ್ಲಿ ಹೇಳಿದರೆ ಅವರು ಮಧ್ಯೆ ಪ್ರಶ್ನೆ ಕೇಳುವುದು ಕಡಿಮೆಯಾಗುತ್ತದೆ. ನಮ್ಮನ್ನು ತಡವರಿಸುವಂತೆ ಮಾಡುವುದೇ ಆ ಅನಿರೀಕ್ಷಿತ ಪ್ರಶ್ನೆಗಳು.

ಯಾವಾಗಿನಿಂದ ಎಂಬಲ್ಲಿ ಕನ್ನಡಿಗರು ಎಚ್ಚರ ವಹಿಸಬೇಕು. ಸೋಮವಾರದಿಂದ ಸೋರುತ್ತಿದೆ ಎಂದು ನಾವು ವರ್ತಮಾನಕಾಲದಲ್ಲೇ ಹೇಳುತ್ತೇವೆ. ಅದೇ ಅಭ್ಯಾಸದಿಂದ ‘ಈಸ್ ಲೀಕಿಂಗ್ ಸಿನ್ಸ್ ಮಂಡೇ’ ಎಂಬುದು ಬಾಯಿಗೆ ಬರುತ್ತದೆ. ಇಲ್ಲಿನವರು ಹೇಳುವುದು ‘ಹ್ಯಾಸ್ ಬೀನ್ ಲೀಕಿಂಗ್ ಸಿನ್ಸ್ ಮಂಡೇ’. ನಾನು ಪಾತ್ರೆ ತೊಳೆಯುವಾಗ ಈ ಒಂದು ಅಚ್ಚಿನಲ್ಲಿ ಮನೆಯ ಎಲ್ಲ ತೊಂದರೆಗಳನ್ನೂ ಹಾಕಿ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಇನ್ನೆರಡು ಅಚ್ಚುಗಳು ಇಷ್ಟೇ ಉಪಯುಕ್ತ. ವಸ್ತು ಹಟ ಹಿಡಿದಂತೆ ವರ್ತಿಸಿದರೆ ‘ವೋಂಟ್’: ಕಿಟಕಿ ಮುಚ್ಚದಿದ್ದರೆ ‘ದಿ ವಿಂಡೋ ವೋಂಟ್ ಶಟ್’, ಬೀಗದ ಕೀಲಿಕೈ ತಿರುಗದಿದ್ದರೆ ‘ದಿ ಕೀ ವೋಂಟ್ ಟರ್ನ್’. ತೊಂದರೆ ಮರುಕಳಿಸುತ್ತಿದ್ದರೆ ‘ಕೀಪ್ಸ್’: ಬಾಯ್ಲರ್ ಪದೇಪದೇ ತಾನಾಗಿ ನಿಂತುಹೋಗುತ್ತಿದ್ದರೆ ‘ದಿ ಬಾಯ್ಲರ್ ಕೀಪ್ಸ್ ಕಟಿಂಗ್ ಔಟ್’, ಕರೆಂಟ್ ಟ್ರಿಪ್ ಆಗಿ ಹೋಗುತ್ತಿದ್ದರೆ ‘ದಿ ಎಲೆಕ್ಟ್ರಿಕ್ಸ್ ಕೀಪ್ ಟ್ರಿಪ್ಪಿಂಗ್’. ಕೀಪ್ಸ್ ಎಂದೊಡನೆ ಇದು ಒಂದು ಸಲ ಆಗಿ ಹೋದದ್ದಲ್ಲ, ಯಾರನ್ನಾದರೂ ಕಳಿಸಲೇಬೇಕು ಎಂದು ಕೇಳುವವರಿಗೆ ತಿಳಿಯುತ್ತದೆ.

ಚಳಿಗಾಲದಲ್ಲಿ ಈ ದೇಶದ ಮನೆಯ ಮಾತೆಲ್ಲ ಬಾಯ್ಲರ್ ಸುತ್ತಲೇ ಸುತ್ತುತ್ತದೆ. ಬಿಸಿನೀರು, ಮನೆಯ ಬಿಸುಪು ಎರಡೂ ಅದರಿಂದಲೇ. ಅದರ ಮುಖದ ಮೇಲೊಂದು ಒತ್ತಡದ ಮಾಪಕ ಇರುತ್ತದೆ. ಬಾಯ್ಲರ್ ತಣ್ಣಗಿರುವಾಗ ಮುಳ್ಳು ಸಾಮಾನ್ಯವಾಗಿ 1ರಿಂದ 1.5 ಬಾರ್ ನಡುವೆ ಇರಬೇಕು. ಫೋನ್ ಮಾಡುವ ಮೊದಲು ನಾನು ಅದನ್ನು ನೋಡಿ ಬರೆದುಕೊಳ್ಳುತ್ತೇನೆ, ತೆರೆಯ ಮೇಲೆ ಕಾಣುವ ದೋಷಸಂಖ್ಯೆಯನ್ನೂ. ರೇಡಿಯೇಟರನ್ನು ಕೈಯಿಂದ ಮುಟ್ಟಿ ನೋಡುತ್ತೇನೆ. ಕೆಳಗೆ ಬಿಸಿ, ಮೇಲೆ ತಣ್ಣಗಿದ್ದರೆ ಒಳಗೆ ಗಾಳಿ ಸೇರಿರುತ್ತದೆ. ಆ ಗಾಳಿ ಬಿಡುವುದಕ್ಕೆ ಇಲ್ಲಿ ‘ಬ್ಲೀಡ್’ ಮಾಡುವುದು ಎನ್ನುತ್ತಾರೆ. ಮೇಲೆ ಬಿಸಿ, ಕೆಳಗೆ ತಣ್ಣಗಿದ್ದರೆ ಬಹುಪಾಲು ತಳದಲ್ಲಿ ಕೆಸರು ಕೂತಿರುತ್ತದೆ. ‘ಕೋಲ್ಡ್ ಅಟ್ ದಿ ಬಾಟಮ್’ ಎಂಬ ನಾಲ್ಕು ಪದ ಹೇಳಿದರೆ ರಿಪೇರಿಯವರು ಸಿದ್ಧರಾಗಿ ಬರುತ್ತಾರೆ. ಅನಿಲದ ಉಪಕರಣ ಮುಟ್ಟುವವರು ‘ಗ್ಯಾಸ್ ಸೇಫ್’ ಎಂಬ, ಅನಿಲದ ಕೆಲಸ ಮಾಡುವವರ ಅಧಿಕೃತ ನೋಂದಣಿ ಪಡೆದವರಾಗಿರಬೇಕು. ಬಾಗಿಲಲ್ಲೇ ಅವರ ಗುರುತಿನ ಚೀಟಿ ಕೇಳಬಹುದು. ಕೇಳುವುದು ಅಸಭ್ಯವಲ್ಲ.

ಅನಿಲದ ವಾಸನೆ ಬಂದಾಗ ಮಾತ್ರ ವ್ಯಾಕರಣ, ವಿನಯ ಯಾವುದೂ ಬೇಡ. ‘ಐ ಕ್ಯಾನ್ ಸ್ಮೆಲ್ ಗ್ಯಾಸ್’ ಎಂಬ ವಾಕ್ಯ, ಮನೆಯ ಪೋಸ್ಟ್‌ಕೋಡ್ ಮತ್ತು 0800 111 999 ಎಂಬ ಅನಿಲದ ತುರ್ತು ಕರೆಯ ಸಂಖ್ಯೆ ಮನೆಯ ಪ್ರತಿಯೊಬ್ಬರಿಗೂ ಬಾಯಿಪಾಠವಾಗಿರಬೇಕು. ಕಿಟಕಿ ತೆರೆಯಬೇಕು, ಸ್ವಿಚ್ ಮುಟ್ಟಬಾರದು, ಹೊರಗೆ ಹೋಗಿ ಕರೆ ಮಾಡಬೇಕು. ಊರಿನಿಂದ ಬಂದಿದ್ದ ಅತ್ತೆಯವರಿಗೂ ಇದನ್ನು ಕಲಿಸಿದೆ.

ಅಭ್ಯಾಸಕ್ಕೆ ಒಬ್ಬರು ಜೊತೆಗಾರರು ಬೇಕು. ಪಕ್ಕದ ಬ್ರ್ಯಾಡ್‌ಫರ್ಡ್ ನಗರದಲ್ಲಿರುವ ಶಿವಮೊಗ್ಗ ಕಡೆಯ ಗೆಳತಿಯೊಬ್ಬಳು ನನಗೆ ಸಿಕ್ಕಿದಳು. ನಾವು ಎದುರು ಕೂತು ಅಭ್ಯಾಸ ಮಾಡಲಿಲ್ಲ. ಎದುರಿಗಿದ್ದರೆ ಕೈ, ಕಣ್ಣು ಅರ್ಧ ಮಾತಾಡಿಬಿಡುತ್ತವೆ. ಫೋನಿನಲ್ಲೇ ಒಬ್ಬಳು ಏಜೆಂಟ್, ಒಬ್ಬಳು ಬಾಡಿಗೆದಾರಳು. ಅವಳು ಏಜೆಂಟಳ ಗತ್ತಿನಲ್ಲಿ ‘ಯಾವ ಕೋಣೆ? ಯಾವ ಗೋಡೆ? ಮಳೆ ಬಂದಾಗಲೋ, ಯಾವಾಗಲೂ ಹೀಗೆಯೋ?’ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾ ಹೋಗುತ್ತಿದ್ದಳು. ನಡುವೆ ನಾನು ಕನ್ನಡಕ್ಕೆ ಜಾರಿದರೆ, ‘ಅಕ್ಕಾ, ಏಜೆಂಟರಿಗೆ ಕನ್ನಡ ಬರುವುದಿಲ್ಲ’ ಎಂದು ಫೋನ್ ಇಟ್ಟುಬಿಡುತ್ತಿದ್ದಳು. ಮತ್ತೆ ಮೊದಲಿನಿಂದ ಶುರು. ಅವಳ ಆ ಕಟ್ಟುನಿಟ್ಟಿಗೆ ನಾನು ಇಂದಿಗೂ ಋಣಿ.

ಕೇಳಿಸಿಕೊಳ್ಳುವುದನ್ನು ಕಲಿಸಿದವರು ಪಕ್ಕದ ಮನೆಯ ಅಜ್ಜಿ. ಇಂಗ್ಲೆಂಡಿನ ಉತ್ತರ ಭಾಗದವರ ಉಚ್ಚಾರಣೆ ನಮ್ಮ ಪಠ್ಯಪುಸ್ತಕದ್ದಲ್ಲ. ಪ್ಲಗ್ ಅವರ ಬಾಯಲ್ಲಿ ‘ಪ್ಲುಗ್’ ಎಂಬುದಕ್ಕೆ ಹತ್ತಿರ, ಬಾತ್ ಎಂಬುದು ಗಿಡ್ಡವಾಗಿ ‘ಬ್ಯಾತ್’. ಬಾಯ್ಲರ್ ಕೆಟ್ಟಿದೆ ಎನ್ನಲು ಅವರು ‘ಪ್ಲೇಯಿಂಗ್ ಅಪ್’ ಎನ್ನುತ್ತಾರೆ, ಪೂರ್ತಿ ನಿಂತೇ ಹೋದರೆ ‘ಪ್ಯಾಕ್ಡ್ ಇನ್’. ಸಮಯದಲ್ಲೂ ಗಮನ ಬೇಕು: ‘ಹಾಫ್ ಏಟ್’ ಎಂದರೆ ಎಂಟೂವರೆ. ಮನೆ ಸಂಖ್ಯೆ ಹೇಳುವಾಗ ಥರ್ಟೀನ್, ಥರ್ಟಿ ಒಂದೇ ಆಗಿ ಕೇಳದಂತೆ ಅಂಕಿಗಳನ್ನು ಬಿಡಿಬಿಡಿಯಾಗಿಯೂ ಒಮ್ಮೆ ಹೇಳುತ್ತೇನೆ. ಅಮೆರಿಕದಲ್ಲಿರುವ ನಮ್ಮವರಿಗೆ ಪದಗಳೇ ಬೇರೆ. ಅಲ್ಲಿ ನಲ್ಲಿ ಫಾಸೆಟ್, ನೆಲಮಹಡಿಯೇ ಫಸ್ಟ್ ಫ್ಲೋರ್. ಅಲ್ಲಿನ ಬಂಧುಗಳಿಂದ ಪದ ಕಲಿಯುವಾಗ ಇದು ನೆನಪಿರಲಿ.

ಇನ್ನು ಗೋಡೆಯ ತೇವ. ಇದರ ಬಗ್ಗೆ ನಾನು ಹೆಚ್ಚು ಹೇಳಲೇಬೇಕು. ನಮ್ಮದು ಲೀಡ್ಸ್‌ನ ಹಳೆಯ ಬ್ಯಾಕ್ ಟು ಬ್ಯಾಕ್ ಮನೆ. ಬೆನ್ನಿಗೆ ಬೆನ್ನು ಹಚ್ಚಿದ ಇಂಥ ಇಟ್ಟಿಗೆಯ ಮನೆಗಳನ್ನು ಈ ನಗರದಲ್ಲಿ 1937ರವರೆಗೂ ಕಟ್ಟುತ್ತಿದ್ದರು. ಮೂರು ಕಡೆ ಬೇರೆಯವರ ಗೋಡೆ, ಮುಂಭಾಗದ್ದೊಂದೇ ಹೊರಗೋಡೆ. ಆ ಗೋಡೆಯಲ್ಲೇ ಕಪ್ಪು ಬೂಷ್ಟು ಮೂಡಿತು. ಏಜೆಂಟರಿಗೆ ಹೇಳಿದರೆ ‘ಕಂಡೆನ್ಸೇಷನ್’ ಎಂದು ಒಂದೇ ಪದದಲ್ಲಿ ಮುಗಿಸಿದರು. ಅಂದರೆ ನಮ್ಮ ಅಡುಗೆ, ಸ್ನಾನ, ಒಣಹಾಕಿದ ಬಟ್ಟೆಯ ಹಬೆಯೇ ಕಾರಣ, ಕಿಟಕಿ ತೆರೆದಿಡಿ ಎಂದರ್ಥ. ಇಲ್ಲಿ ಸರಿಯಾದ ಮಾತು ಗೊತ್ತಿರುವುದು ಕೇವಲ ಸಂಭಾಷಣೆಯ ವಿಷಯವಲ್ಲ, ಹೊಣೆ ಯಾರದ್ದು ಎಂಬುದರ ವಿಷಯ. ಹಬೆಯ ತೇವ ಒಳಗಿನದು. ಹೊರಗಿನಿಂದ ಇಳಿಯುವ ತೇವಕ್ಕೆ ‘ಪೆನೆಟ್ರೇಟಿಂಗ್ ಡ್ಯಾಂಪ್’ ಎನ್ನುತ್ತಾರೆ, ನೆಲದಿಂದ ಏರುವುದಕ್ಕೆ ‘ರೈಸಿಂಗ್ ಡ್ಯಾಂಪ್’. ನಾನು ಆ ಕಲೆಯನ್ನು ಮಳೆಯ ದಿನವೂ ಒಣ ದಿನವೂ ಫೋಟೋ ತೆಗೆದೆ. ಆಮೇಲೆ ಫೋನಿನಲ್ಲಿ ಹೇಳಿದ್ದು ಎರಡೇ ವಾಕ್ಯ: ‘ಇಟ್ಸ್ ಆನ್ ದಿ ಔಟ್‌ಸೈಡ್ ವಾಲ್. ಇಟ್ ಗೆಟ್ಸ್ ವರ್ಸ್ ಆಫ್ಟರ್ ರೈನ್.’ ಮಳೆ ಬಂದ ಮೇಲೆ ಹೆಚ್ಚಾಗುವ ತೇವಕ್ಕೆ ನನ್ನ ಸಾರಿನ ಹಬೆ ಕಾರಣವಾಗಲಾರದು. ನೋಡಲು ಬಂದವರು ಏಣಿ ಹಾಕಿ, ಮೇಲಿನ ಮಳೆನೀರಿನ ದೋಣಿ, ಅಂದರೆ ಗಟರ್, ಎಲೆ ತುಂಬಿ ಕಟ್ಟಿಕೊಂಡಿರುವುದನ್ನು ಪತ್ತೆ ಮಾಡಿದರು.

ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯ ರಚನೆ, ಹೊರಭಾಗ, ಮಳೆನೀರಿನ ದೋಣಿ, ಕೊಳವೆ, ಬಿಸಿನೀರಿನ ವ್ಯವಸ್ಥೆಗಳ ದುರಸ್ತಿ ಮನೆಯ ಮಾಲೀಕರ ಹೊಣೆ ಎಂದು 1985ರ ಭೂಮಾಲೀಕ ಮತ್ತು ಬಾಡಿಗೆದಾರ ಕಾಯ್ದೆಯ 11ನೇ ಕಲಂ ಹೇಳುತ್ತದೆ. ಆದರೆ ದೂರು ತಲುಪಿದ ಮೇಲೆಯೇ ಆ ಹೊಣೆಗೆ ಬಲ. ಇಲ್ಲಿಂದ ದೂರವಲ್ಲದ ರೋಚ್‌ಡೇಲ್‌ನಲ್ಲಿ 2020ರ ಡಿಸೆಂಬರಿನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಮನೆಯ ಬೂಷ್ಟಿನಿಂದಾದ ಉಸಿರಾಟದ ಕಾಯಿಲೆಯೇ ಕಾರಣ ಎಂದು 2022ರಲ್ಲಿ ವಿಚಾರಣೆ ತೀರ್ಮಾನಿಸಿತು. ಸುಡಾನಿನಿಂದ ಬಂದ ಆ ತಂದೆತಾಯಿ ಮತ್ತೆ ಮತ್ತೆ ದೂರು ಹೇಳಿದ್ದರು. ಮೇಲೆ ಬಣ್ಣ ಬಳಿಯಿರಿ ಎಂಬ ಉತ್ತರ ಸಿಕ್ಕಿತ್ತು. ಅಪಾಯಕಾರಿ ತೇವ, ಬೂಷ್ಟನ್ನು ಗೊತ್ತಾದ ಗಡುವಿನೊಳಗೆ ಸರಿಪಡಿಸಬೇಕೆನ್ನುವ, ಆ ಮಗುವಿನ ಹೆಸರಿನ ಕಾನೂನು 2025ರ ಅಕ್ಟೋಬರ್ 27ರಿಂದ ಸಾಮಾಜಿಕ ವಸತಿಯ ಮನೆಗಳಿಗೆ, ಅಂದರೆ ಸ್ಥಳೀಯ ಆಡಳಿತ ಅಥವಾ ವಸತಿ ಸಂಘಗಳು ಬಾಡಿಗೆಗೆ ಕೊಡುವ ಮನೆಗಳಿಗೆ, ಜಾರಿಯಲ್ಲಿದೆ. ಭಾಷೆ ಬಂದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳಲಾರೆ, ಕೇಳಬೇಕಾದವರು ಕೇಳಬೇಕು. ನಮ್ಮ ಬದಿಯಿಂದ ಮಾಡಬಹುದಾದದ್ದು, ದೂರನ್ನು ಅಲ್ಲಗಳೆಯಲಾಗದಷ್ಟು ಸ್ಪಷ್ಟವಾಗಿ ಹೇಳುವುದು.

ಆದ್ದರಿಂದ ಪ್ರತಿ ಫೋನಿನ ನಂತರ ಒಂದು ಚಿಕ್ಕ ಇಮೇಲ್ ಕಳಿಸುತ್ತೇನೆ. ‘ಆಸ್ ಡಿಸ್ಕಸ್ಡ್ ಆನ್ ದಿ ಫೋನ್ ಟುಡೇ’ ಎಂದು ಶುರುಮಾಡಿ, ಅದೇ ಐದು ವಿಷಯ, ಅದೇ ಕ್ರಮ, ಜೊತೆಗೆ ಫೋಟೋ. ಮೊದಲ ಸಲ ಕೇಳುವಾಗ ‘ಕುಡ್ ಯು ಪ್ಲೀಸ್ ಸೆಂಡ್ ಸಮ್‌ಒನ್’ ಸಾಕು. ಉತ್ತರ ಬಾರದಿದ್ದರೆ ದನಿ ಏರಿಸುವುದಿಲ್ಲ, ‘ಕುಡ್ ಯು ಟೆಲ್ ಮಿ ದಿ ಡೇಟ್’ ಎಂದು ದಿನಾಂಕ ಕೇಳುತ್ತೇನೆ. ಕೋಪಕ್ಕಿಂತ ದಿನಾಂಕ ಹೆಚ್ಚು ಕೆಲಸ ಮಾಡಿಸುತ್ತದೆ.

ಈಗ ಹೊಸದಾಗಿ ಬಂದವರಿಗೆ ನಾನು ಮೊದಲು ಓದಿಸುವುದು ಮನೆಗೆ ಸೇರುವಾಗ ಕೊಡುವ ಇನ್ವೆಂಟರಿ, ಅಂದರೆ ಮನೆಯ ವಸ್ತುಗಳ ಮತ್ತು ಅವುಗಳ ಸ್ಥಿತಿಯ ಪಟ್ಟಿ. ಅದರಲ್ಲಿ ಗೋಡೆಯ ಗೀರು ‘ಸ್ಕಫ್’, ಅಂಚು ಹಾರಿದ್ದು ‘ಚಿಪ್’, ಕಲೆ ‘ಸ್ಟೇನ್’. ಈ ಪದಗಳನ್ನು ಅರ್ಥಮಾಡಿಕೊಂಡು, ಕೋಣೆಕೋಣೆ ಸುತ್ತಿ, ಬಿಟ್ಟುಹೋದದ್ದನ್ನು ಸೇರಿಸಿ ಸಹಿ ಹಾಕಬೇಕು. ಠೇವಣಿಯನ್ನು 30 ದಿನಗಳೊಳಗೆ ಸರ್ಕಾರದ ಅನುಮೋದನೆಯಿರುವ ಯೋಜನೆಯಲ್ಲಿ ಇಟ್ಟಿದ್ದಾರೆಯೇ ಎಂದು ಕೇಳಬೇಕು. ಮನೆ ಬಿಡುವ ದಿನ ಬಾಗಿಲ ಬಳಿ ಮಾಸಿದ ಕಾರ್ಪೆಟ್ಟಿಗೆ ಹಣ ಹಿಡಿಯುತ್ತೇವೆ ಎಂದರೆ ಹೇಳಬೇಕಾದ ಮಾತು ‘ಫೇರ್ ವೇರ್ ಅಂಡ್ ಟೇರ್’, ಅಂದರೆ ಬಳಕೆಯಿಂದ ಆಗುವ ಸಹಜ ಸವೆತ. ಅದಕ್ಕೆ ಬಾಡಿಗೆದಾರರಿಂದ ಹಣ ಹಿಡಿಯುವಂತಿಲ್ಲ. ಒಪ್ಪದಿದ್ದರೆ ಅದೇ ಠೇವಣಿ ಯೋಜನೆಯವರ ಬಳಿ ಶುಲ್ಕವಿಲ್ಲದೆ ವ್ಯಾಜ್ಯ ತೀರ್ಮಾನ ಕೇಳಬಹುದು. ಅಲ್ಲಿ ನೋಡುವುದು ಎರಡೂ ಕಡೆಯವರು ಕೊಟ್ಟ ಇನ್ವೆಂಟರಿ, ಫೋಟೋ ಮತ್ತು ಆ ಇಮೇಲ್‌ಗಳನ್ನು.