ಆಧಾರ್ ಪ್ರತಿ ಕೊಡುವ ಮುನ್ನ: ಜೆರಾಕ್ಸ್ ಅಂಗಡಿಯವಳ ಸಲಹೆ

ಅರಸೀಕೆರೆಯಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಯಿದೆ. ಕ್ರಯಪತ್ರ, ಬಾಡಿಗೆ ಕರಾರು, ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅರ್ಜಿ, ಮಕ್ಕಳ ವಿದ್ಯಾರ್ಥಿವೇತನದ ದಾಖಲೆ ಎಲ್ಲವೂ ನನ್ನ ಯಂತ್ರದ ಗಾಜಿನ ಮೇಲೆ ಹಾದುಹೋಗುತ್ತವೆ. ಅವುಗಳಲ್ಲಿ ಅತಿ ಹೆಚ್ಚು ಹಾದುಹೋಗುವುದು ಆಧಾರ್. ಒಂದು ಪ್ರತಿ ಬೇಕಾದವರು ಐದು ಮಾಡಿಸುತ್ತಾರೆ. "ಇರಲಿ ಅಕ್ಕ, ನಾಳೆ ಎಲ್ಲಾದರೂ ಕೇಳಿಯೇ ಕೇಳುತ್ತಾರೆ" ಎನ್ನುತ್ತಾರೆ. ಪ್ರತಿ ಹೆಚ್ಚಾದಷ್ಟೂ ನನ್ನ ಗಲ್ಲಾಪೆಟ್ಟಿಗೆಗೆ ಒಳ್ಳೆಯದು. ಆದರೂ ನನ್ನ ಅಂಗಡಿಗೆ ಬರುವ ಎಲ್ಲರಿಗೂ ಹೇಳುವ ಮಾತನ್ನೇ ಇಲ್ಲಿ ಬರೆಯುತ್ತೇನೆ: ಕೇಳಿದವರಿಗೆಲ್ಲ ಆಧಾರ್ ಕೊಡಬೇಡಿ, ಕೊಡಲೇಬೇಕಾದಲ್ಲಿ ಅಗತ್ಯವಿದ್ದಷ್ಟನ್ನೇ ಕೊಡಿ, ಇವೆರಡಕ್ಕೂ ಮೊದಲು ನಿಮ್ಮ ಬೆರಳಚ್ಚಿಗೆ ಬೀಗ ಹಾಕಿ.

ಮೊದಲು ಬೆರಳಚ್ಚಿನ ಬೀಗ

ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರು ಪುಟ್ಟ ಯಂತ್ರದ ಮೇಲೆ ಹೆಬ್ಬೆರಳು ಒತ್ತಿಸಿಕೊಂಡು ಹಣ ಕೊಡುವುದನ್ನು ನೀವು ನೋಡಿರುತ್ತೀರಿ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆ, ಅಂದರೆ ಎಇಪಿಎಸ್ ಎಂಬುದು ಅದೇ. ಬ್ಯಾಂಕಿನ ಹೆಸರು, 12 ಅಂಕಿಯ ಆಧಾರ್ ಸಂಖ್ಯೆ, ಬೆರಳಚ್ಚು, ಈ ಮೂರಿದ್ದರೆ ಹಣ ಹೊರಬರುತ್ತದೆ. ಎಟಿಎಂ ಕಾರ್ಡು ಬೇಡ, ಪಿನ್ ಬೇಡ, ಒಟಿಪಿ ಕೇಳುವುದಿಲ್ಲ. ಒಂದು ಸಲಕ್ಕೆ ಸಾಮಾನ್ಯವಾಗಿ 10,000 ರೂಪಾಯಿವರೆಗೆ ತೆಗೆಯಬಹುದು. ಎಟಿಎಂ ಇಲ್ಲದ ಊರಿನ ಅಜ್ಜಿಗೆ ಇದು ದೊಡ್ಡ ಉಪಕಾರ, ಅದರಲ್ಲಿ ಅನುಮಾನವಿಲ್ಲ. ಆದರೆ ಇದೇ ವ್ಯವಸ್ಥೆ ನಮ್ಮ ರಾಜ್ಯದಲ್ಲಿ ಹೇಗೆ ತಿರುಗುಬಾಣವಾಯಿತು ಎಂಬುದನ್ನೂ ತಿಳಿದಿರಬೇಕು.

ಕ್ರಯಪತ್ರದಲ್ಲಿ ಮಾರುವವರ ಮತ್ತು ಕೊಳ್ಳುವವರ ಭಾವಚಿತ್ರದ ಜೊತೆಗೆ ಹೆಬ್ಬೆಟ್ಟಿನ ಗುರುತೂ ಇರುತ್ತದೆ. ಎಷ್ಟೋ ಪತ್ರಗಳಲ್ಲಿ ಆಧಾರ್ ಸಂಖ್ಯೆಯನ್ನು ಪೂರ್ತಿಯಾಗಿ ಬರೆದಿರುತ್ತಾರೆ. ಕಳ್ಳನಿಗೆ ಬೇಕಾದ ಎರಡೂ ವಸ್ತು ಒಂದೇ ಕಾಗದದಲ್ಲಿ ಸಿಕ್ಕಂತಾಯಿತು. 2023ರಲ್ಲಿ ನೋಂದಾಯಿತ ಪತ್ರಗಳ ಪ್ರತಿಗಳಿಂದ ಬೆರಳಚ್ಚು ಕದ್ದು, ನಕಲಿ ಅಚ್ಚು ಮಾಡಿ ಖಾತೆಯಿಂದ ಹಣ ತೆಗೆದ ದೂರುಗಳು ಬೆಂಗಳೂರು, ಮಂಗಳೂರುಗಳಲ್ಲಿ ಪೊಲೀಸರ ಮುಂದೆ ಬಂದವು. ಆಮೇಲೆ ನೋಂದಣಿ ಇಲಾಖೆ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವುದಕ್ಕೆ ಮುಂದಾಯಿತು. ಅದಕ್ಕೂ ಮೊದಲೇ ಹೊರಗೆ ಹೋದ ಪ್ರತಿಗಳು ವಕೀಲರ ಕಡತದಲ್ಲಿ, ಸಾಲದ ಕಡತದಲ್ಲಿ, ದಲ್ಲಾಳಿಗಳ ಮೊಬೈಲಿನಲ್ಲಿ ಹಾಗೆಯೇ ಉಳಿದಿವೆ. ಅವನ್ನೆಲ್ಲ ಹಿಂದಕ್ಕೆ ತರಲು ಯಾರಿಂದಲೂ ಆಗದು. ಆದ್ದರಿಂದ ಆಸ್ತಿ ಕೊಂಡವರು, ಮಾರಿದವರು, ಅಣ್ಣತಮ್ಮಂದಿರ ವಿಭಾಗಪತ್ರಕ್ಕೆ ಹೆಬ್ಬೆಟ್ಟು ಒತ್ತಿದವರು ಇವತ್ತೇ ಈ ಕೆಲಸ ಮಾಡಿ.

ಮೊಬೈಲಿನ ಬ್ರೌಸರಿನಲ್ಲಿ, ಆಧಾರ್ ಕೊಡುವ ಪ್ರಾಧಿಕಾರದ (ಯುಐಡಿಎಐ) ಜಾಲತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ: ಮೈಆಧಾರ್ ಡಾಟ್ ಯುಐಡಿಎಐ ಡಾಟ್ ಗವ್ ಡಾಟ್ ಇನ್ (myaadhaar.uidai.gov.in). ಯಾರೋ ಕಳಿಸಿದ ಕೊಂಡಿಯನ್ನು ಒತ್ತಬೇಡಿ. ಆಧಾರ್ ಸಂಖ್ಯೆ ಮತ್ತು ನೋಂದಾಯಿತ ಮೊಬೈಲಿಗೆ ಬರುವ ಒಟಿಪಿ ಹಾಕಿ ಒಳಗೆ ಹೋದರೆ 'ಲಾಕ್/ಅನ್‌ಲಾಕ್ ಬಯೋಮೆಟ್ರಿಕ್ಸ್' ಎಂಬ ಆಯ್ಕೆ ಕಾಣುತ್ತದೆ. ಷರತ್ತಿಗೆ ಒಪ್ಪಿ ಒತ್ತಿದರೆ ಬೀಗ ಬಿತ್ತು. ಅಲ್ಲಿಂದ ಮುಂದೆ ನಿಮ್ಮ ಬೆರಳು, ಕಣ್ಣಿನ ಪಾಪೆ, ಮುಖ ಯಾವುದನ್ನೂ ಆಧಾರ್ ದೃಢೀಕರಣಕ್ಕೆ ಬಳಸಲಾಗದು. ಒಟಿಪಿ ಮೂಲಕ ನಡೆಯುವ ಕೆಲಸಗಳು ಎಂದಿನಂತೆ ನಡೆಯುತ್ತವೆ. ಅದೇ ಪುಟದಲ್ಲಿ 'ಲಾಕ್ ಆಧಾರ್' ಎಂಬ ಇನ್ನೊಂದು ಆಯ್ಕೆಯಿದೆ, ಅದು ಬೇರೆ. ಅದನ್ನು ಒತ್ತಿದರೆ ಆಧಾರ್ ಸಂಖ್ಯೆಯೇ ಕೆಲಸ ನಿಲ್ಲಿಸುತ್ತದೆ, ಆಧಾರ್ ಸಂಖ್ಯೆಯ ಬದಲಿಗೆ ಬಳಸುವ 16 ಅಂಕಿಯ ವರ್ಚುವಲ್ ಐಡಿ ಇಲ್ಲದೆ ಮುಂದಕ್ಕೆ ಹೋಗಲಾಗದು. ಸಾಮಾನ್ಯ ಬಳಕೆಗೆ ಬೆರಳಚ್ಚಿನ ಬೀಗ ಸಾಕು.

ಮೊಬೈಲ್ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿರದಿದ್ದರೆ ಇದ್ಯಾವುದೂ ಆಗದು. ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಸ್ವಂತ ಸಂಖ್ಯೆಯನ್ನು ಜೋಡಿಸಿಕೊಳ್ಳಿ. ಎಂದೋ ಬಿಟ್ಟುಬಿಟ್ಟ ಹಳೆಯ ಸಿಮ್ ಸಂಖ್ಯೆಯೇ ಇನ್ನೂ ಅಲ್ಲಿರುವವರು ಬಹಳ ಮಂದಿ. ಆ ಸಂಖ್ಯೆ ಈಗ ಬೇರೆ ಯಾರದೋ ಕೈಯಲ್ಲಿರಬಹುದು.

ಬೀಗದ ಬಗ್ಗೆ ನನಗೆ ಎದುರಾಗುವ ಪ್ರಶ್ನೆಗಳು ಎರಡು. ಒಂದು, ಗೃಹಲಕ್ಷ್ಮಿಯ 2,000 ರೂಪಾಯಿ ನಿಂತುಹೋಗುತ್ತದೆಯೇ? ನಿಲ್ಲುವುದಿಲ್ಲ. ಹಣ ಖಾತೆಗೆ ಬಂದು ಬೀಳುವುದಕ್ಕೂ ಬೆರಳಚ್ಚಿಗೂ ಸಂಬಂಧವಿಲ್ಲ. ಅದನ್ನು ಹೆಬ್ಬೆಟ್ಟಿನಿಂದ ತೆಗೆಯುವಾಗ ಮಾತ್ರ ಬೀಗ ತೆಗೆಯಬೇಕು. ಎರಡು, ಪಡಿತರ ಹೇಗೆ? ನ್ಯಾಯಬೆಲೆ ಅಂಗಡಿಯಲ್ಲಿ ಕಾರ್ಡಿನಲ್ಲಿರುವ ಒಬ್ಬ ಸದಸ್ಯರು ಬೆರಳು ಕೊಟ್ಟರೆ ಸಾಕಾಗುತ್ತದೆ. ಮನೆಯಲ್ಲಿ ಯಾರ ಖಾತೆಯಲ್ಲಿ ಹಣ ಕಡಿಮೆ ಇರುತ್ತದೆಯೋ ಅವರದನ್ನು ತೆರೆದಿಟ್ಟು, ಉಳಿದವರೆಲ್ಲ ಬೀಗ ಹಾಕಿಕೊಳ್ಳಬಹುದು. ಅಥವಾ ಅಂಗಡಿಯ ಸಾಲಿನಲ್ಲಿ ನಿಂತಿರುವಾಗಲೇ ಮೊಬೈಲಿನಲ್ಲಿ ತಾತ್ಕಾಲಿಕವಾಗಿ ಬೀಗ ತೆಗೆಯಿರಿ. ಹತ್ತು ನಿಮಿಷದ ನಂತರ ಅದು ತಾನಾಗಿಯೇ ಮತ್ತೆ ಬೀಳುತ್ತದೆ.

ಪ್ರತಿ ತಿಂಗಳೂ ಹೆಬ್ಬೆಟ್ಟಿನಿಂದಲೇ ಪಿಂಚಣಿ ತೆಗೆಯುವ ಹಿರಿಯರಿಗೆ ಈ ಬೀಗ ತೊಡಕಾಗುತ್ತದೆ, ಒಪ್ಪುತ್ತೇನೆ. ನನ್ನ ತಾಯಿಗೆ ನಾನು ಬೇರೆ ದಾರಿ ಮಾಡಿದ್ದೇನೆ. ಕೊಬ್ಬರಿ ಮಾರಿದ ಹಣ ಬಂದ ಕೂಡಲೇ ಅದನ್ನು ನಿಶ್ಚಿತ ಠೇವಣಿಗೆ ಹಾಕಿಸುತ್ತೇನೆ, ಉಳಿತಾಯ ಖಾತೆಯಲ್ಲಿ ಖರ್ಚಿನಷ್ಟೇ ಇರುತ್ತದೆ. ಠೇವಣಿಯ ಹಣವನ್ನು ಹೆಬ್ಬೆಟ್ಟಿನಿಂದ ತೆಗೆಯಲಾಗದು. ಆ ಖಾತೆಯ ಸಂದೇಶಗಳು ನನ್ನ ಮೊಬೈಲಿಗೆ ಬರುವಂತೆ ಮಾಡಿಸಿದ್ದೇನೆ. ಇನ್ನೊಂದು ಮಾತು ಅಮ್ಮನಿಗೆ ಕಲಿಸಿದ್ದೇನೆ: "ಸರ್ವರ್ ಇಲ್ಲ, ಇನ್ನೊಮ್ಮೆ ಒತ್ತಿ" ಎಂದು ಯಾರಾದರೂ ಅಂದರೆ, ಮೊದಲ ಸಲದ ಚೀಟಿ ಕೊಡುವವರೆಗೆ ಎರಡನೆಯ ಸಲ ಬೆರಳಿಡಬಾರದು. ವ್ಯವಹಾರ ವಿಫಲವಾದರೂ ಯಂತ್ರದಿಂದ ಚೀಟಿ ಪಡೆಯಬಹುದು, ಅದನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಎಂಟು ಅಂಕಿ ಮರೆಯಾದ ಆಧಾರ್

ಮೈಆಧಾರ್ ಪುಟದಿಂದ ಆಧಾರ್ ಇಳಿಸಿಕೊಳ್ಳುವಾಗ 'ಮಾಸ್ಕ್ಡ್ ಆಧಾರ್ ಬೇಕೇ' ಎಂದು ಕೇಳುವ ಚೌಕವಿದೆ. ಅದಕ್ಕೆ ಗುರುತು ಹಾಕಿದರೆ ಮೊದಲ ಎಂಟು ಅಂಕಿಗಳು ಮರೆಯಾಗಿ ಕೊನೆಯ ನಾಲ್ಕು ಮಾತ್ರ ಉಳಿದಿರುವ ಪಿಡಿಎಫ್ ಸಿಗುತ್ತದೆ. ಹೆಸರು, ಭಾವಚಿತ್ರ, ವಿಳಾಸ ಎಲ್ಲವೂ ಇರುತ್ತವೆ. ಬಾಡಿಗೆ ಮನೆಯ ಮಾಲೀಕರಿಗೆ, ಲಾಡ್ಜಿಗೆ, ಕೆಲಸಕ್ಕೆ ಸೇರುವಾಗ ಮೊದಲ ಅರ್ಜಿಗೆ, ಕಲ್ಯಾಣಮಂಟಪ ಕಾಯ್ದಿರಿಸುವುದಕ್ಕೆ ಇಷ್ಟು ಧಾರಾಳವಾಗಿ ಸಾಕು. ನೀವು ಯಾರು ಎಂದು ತಿಳಿಯುವುದಷ್ಟೇ ಅವರಿಗೆ ಬೇಕಾಗಿರುವುದು. ಸರ್ಕಾರದ ಸಹಾಯಧನದ ಯೋಜನೆಗಳಿಗೆ ಪೂರ್ತಿ ಸಂಖ್ಯೆ ಬೇಕಾಗುತ್ತದೆ, ಅಲ್ಲಿ ವಾದ ಮಾಡಿ ಪ್ರಯೋಜನವಿಲ್ಲ.

2022ರ ಮೇ 27ರಂದು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ, ಆಧಾರ್ ಪ್ರತಿಯನ್ನು ಯಾವುದೇ ಸಂಸ್ಥೆಗೆ ಕೊಡಬೇಡಿ, ಮಾಸ್ಕ್ಡ್ ಆಧಾರ್ ಬಳಸಿ ಎಂದು ಪ್ರಕಟಣೆ ಹೊರಡಿಸಿತ್ತು. ಜನ ತಪ್ಪಾಗಿ ಅರ್ಥಮಾಡಿಕೊಳ್ಳಬಹುದು ಎಂದು ಹೇಳಿ ಎರಡು ದಿನಗಳ ನಂತರ ಕೇಂದ್ರ ಸರ್ಕಾರ ಅದನ್ನು ಹಿಂದೆಗೆದುಕೊಂಡಿತು. ಹಿಂದೆಗೆದುಕೊಂಡಿದ್ದು ಸರಿಯಲ್ಲ ಎಂದೇ ನಾನು ಇಂದಿಗೂ ನಂಬಿದ್ದೇನೆ. ಸಾಮಾನ್ಯ ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಅಷ್ಟು ನೇರವಾದ ಎಚ್ಚರಿಕೆ ಅಪರೂಪ.

ಮೈಆಧಾರ್ ಪುಟದಿಂದ ಇಳಿಸಿಕೊಂಡ ಪಿಡಿಎಫ್‌ಗೆ ಒಂದು ಪಾಸ್‌ವರ್ಡ್ ಇರುತ್ತದೆ: ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ನಿಮ್ಮ ಹೆಸರಿನ ಮೊದಲ ನಾಲ್ಕು ಅಕ್ಷರ, ಅದಕ್ಕೆ ಸೇರಿಸಿ ಹುಟ್ಟಿದ ವರ್ಷ. ನಿಮ್ಮನ್ನು ಬಲ್ಲ ಯಾರಿಗಾದರೂ ಇದು ಊಹೆಗೆ ಸಿಗುತ್ತದೆ. ಆದ್ದರಿಂದ ಪಾಸ್‌ವರ್ಡ್ ಇದೆಯಲ್ಲ ಎಂದು ಪೂರ್ತಿ ಸಂಖ್ಯೆಯ ಕಡತವನ್ನು ಸಿಕ್ಕವರಿಗೆ ಕಳಿಸಬೇಡಿ.

ಅಂಗಡಿಯಲ್ಲಿ ನಿಂತು ನೋಡಬೇಕಾದದ್ದು

ಈ ಭಾಗವನ್ನು ನಾನು ಬಲ್ಲಷ್ಟು ಚೆನ್ನಾಗಿ ಬೇರೆಯವರು ಹೇಳಲಾರರು, ಹಾಗಾಗಿ ಗಮನವಿಟ್ಟು ಓದಿ. ಜೆರಾಕ್ಸ್ ಅಂಗಡಿಗೆ ಈಗ ಕಾಗದಕ್ಕಿಂತ ಹೆಚ್ಚಾಗಿ ವಾಟ್ಸ್ಆ್ಯಪ್ ಸಂದೇಶಗಳು ಬರುತ್ತವೆ. ನೀವು ಕಳಿಸಿದ ಆಧಾರ್ ಅಂಗಡಿಯ ಮೊಬೈಲಿನ ಚಿತ್ರಗಳ ಸಂಗ್ರಹದಲ್ಲಿ ಇಳಿಯುತ್ತದೆ, ಅಲ್ಲಿಂದ ಕಂಪ್ಯೂಟರಿನ ಡೌನ್‌ಲೋಡ್ಸ್ ಕಡತಕೋಶಕ್ಕೆ ಹೋಗುತ್ತದೆ, ಆಮೇಲೆ ಮುದ್ರಣವಾಗುತ್ತದೆ. ನೀವು ಮನೆಗೆ ಹೋಗಿ 'ಎಲ್ಲರಿಗೂ ಅಳಿಸು' ಎಂದು ಒತ್ತಿದರೆ ಸಂದೇಶ ಮಾಯವಾಗಬಹುದು, ಕಂಪ್ಯೂಟರಿನಲ್ಲಿ ಉಳಿಸಿಕೊಂಡ ಕಡತ ಮಾತ್ರ ಅಲುಗುವುದಿಲ್ಲ. ಬೇಸಿಗೆ ರಜೆಯಲ್ಲಿ ಕೆಲಸಕ್ಕೆ ಬಂದ ಹುಡುಗ, ರಿಪೇರಿಗೆ ಬಂದವರು, ಹಳೆಯ ಕಂಪ್ಯೂಟರ್ ಕೊಂಡವರು ಯಾರು ಬೇಕಾದರೂ ಅದನ್ನು ತೆರೆಯಬಹುದು.

ಆದ್ದರಿಂದ ಪ್ರಿಂಟ್ ಕೈಗೆ ಬಂದ ಮೇಲೆ ಅಲ್ಲೇ ನಿಂತು ಕೇಳಿ: "ಡೌನ್‌ಲೋಡ್ಸ್‌ನಿಂದ ಅಳಿಸಿಬಿಡಿ, ರಿಸೈಕಲ್ ಬಿನ್‌ನಿಂದಲೂ ತೆಗೆಯಿರಿ, ಮೊಬೈಲಿನಲ್ಲಿದ್ದದ್ದನ್ನೂ ಅಳಿಸಿ." ಒಳ್ಳೆಯ ಅಂಗಡಿಯವರು ಬೇಸರಪಡುವುದಿಲ್ಲ. ನನ್ನಲ್ಲಿ ಗಿರಾಕಿಯ ಎದುರೇ ಅಳಿಸುವ ಪದ್ಧತಿಯಿದೆ, ಪರದೆಯನ್ನು ಅವರ ಕಡೆಗೇ ತಿರುಗಿಸಿಟ್ಟಿದ್ದೇನೆ. ಮುಖ ಸಿಂಡರಿಸುವ ಅಂಗಡಿಗೆ ಮತ್ತೆ ಹೋಗಬೇಡಿ. ಅಂಗಡಿಯ ಕಂಪ್ಯೂಟರಿನಲ್ಲಿ ಡಿಜಿಲಾಕರ್ ತೆರೆದಿದ್ದರೆ ಲಾಗೌಟ್ ಮಾಡದೆ ಎದ್ದು ಬರಬೇಡಿ.

ಕಾಗದದ ವಿಷಯಕ್ಕೆ ಬಂದರೆ, ಮೂಲ ಕಾರ್ಡನ್ನು ಗಾಜಿನ ಮೇಲೆಯೇ ಮರೆತುಹೋಗುವವರು ದಿನವೂ ಇರುತ್ತಾರೆ. ಕಪ್ಪಾಗಿ ಬಂದ, ಓರೆಯಾಗಿ ಬಂದ ಪ್ರತಿಯನ್ನು ಮೇಜಿನ ಕೆಳಗಿನ ಬುಟ್ಟಿಗೆ ಎಸೆಯಲು ಬಿಡಬೇಡಿ. ಆ ಬುಟ್ಟಿಯ ಕಾಗದ ರದ್ದಿಗೆ ಹೋಗುತ್ತದೆ, ರದ್ದಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಯಾರೂ ನೋಡುವುದಿಲ್ಲ. ಕೆಟ್ಟ ಪ್ರತಿಯನ್ನು ಕೇಳಿ ಪಡೆದು, ಅಂಕಿಗಳಿರುವ ಸಾಲು ಉಳಿಯದಂತೆ ಹರಿದುಹಾಕಿ.

ಪ್ರತಿಯನ್ನು ಕೊಡುವ ಮೊದಲು ಅದರ ಮೇಲೆ ಪೆನ್ನಿನಿಂದ ಬರೆಯಿರಿ: ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ. ಉದಾಹರಣೆಗೆ, "ಮನೆ ಬಾಡಿಗೆ ಕರಾರಿಗೆ ಮಾತ್ರ", ಮಾಲೀಕರ ಹೆಸರು, ದಿನಾಂಕ, ಸಹಿ. ಬಹುತೇಕರು ಇದನ್ನು ಕೆಳಗಿನ ಖಾಲಿ ಜಾಗದಲ್ಲಿ ಅಚ್ಚುಕಟ್ಟಾಗಿ ಬರೆಯುತ್ತಾರೆ. ಹಾಗೆ ಬರೆದರೆ ಆ ಭಾಗವನ್ನು ಮರೆಮಾಡಿ ಮತ್ತೊಂದು ಪ್ರತಿ ತೆಗೆಯಲು ಒಂದು ಖಾಲಿ ಹಾಳೆ ಸಾಕು. ಅಕ್ಷರಗಳು ಭಾವಚಿತ್ರದ ಅಂಚನ್ನೂ ವಿಳಾಸದ ಸಾಲುಗಳನ್ನೂ ಹಾದುಹೋಗಬೇಕು, ಆದರೆ ಮುಖ ಮತ್ತು ಹೆಸರು ಓದುವಂತಿರಬೇಕು. ಇಷ್ಟು ಮಾಡಿದ ಪ್ರತಿಯನ್ನು ಇನ್ನೊಂದು ಕೆಲಸಕ್ಕೆ ಬಳಸುವುದು ಕಷ್ಟ.

ಬೇಡ ಎನ್ನಬಹುದಾದ ಕಡೆ

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಅರ್ಜಿಯಿಂದಲೇ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪು ಬಂತು. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಬ್ಯಾಂಕ್ ಖಾತೆಗೆ, ಸಿಮ್‌ಗೆ ಆಧಾರ್ ಜೋಡಣೆ ಕಡ್ಡಾಯ ಮಾಡಿದ್ದನ್ನು ಅದೇ ತೀರ್ಪು ರದ್ದುಮಾಡಿತು, ಶಾಲೆಗೆ ಸೇರಿಸಲು ಆಧಾರ್ ಕಡ್ಡಾಯವಲ್ಲ ಎಂದೂ ಹೇಳಿತು. ಸ್ವಂತ ಇಚ್ಛೆಯಿಂದ ಕೊಡುವುದಕ್ಕೆ ಅಡ್ಡಿಯಿಲ್ಲ. ಹಾಗಾಗಿ "ಬೇರೆ ಗುರುತಿನ ಚೀಟಿ ಕೊಡುತ್ತೇನೆ" ಎಂದು ಹೇಳುವ ಹಕ್ಕು ನಿಮಗಿದೆ. ಚಾಲನಾ ಪರವಾನಗಿ, ಮತದಾರರ ಗುರುತಿನ ಚೀಟಿ ಇವುಗಳಿಂದ ಯಾರೂ ಹೆಬ್ಬೆಟ್ಟು ಒತ್ತಿ ಹಣ ತೆಗೆಯಲಾರರು.

ನಮ್ಮ ಹೆಣ್ಣುಮಕ್ಕಳಿಗೆ ಒಂದು ಮಾತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಮೂಲ ಆಧಾರ್ ಕಾರ್ಡು ಪ್ರತಿ ದಿನ ಕೈಚೀಲದಲ್ಲಿ ಬಸ್ಸು ಹತ್ತುತ್ತಿದೆ. ಶೂನ್ಯ ಟಿಕೆಟ್‌ಗೆ ಮತದಾರರ ಗುರುತಿನ ಚೀಟಿಯೂ ನಡೆಯುತ್ತದೆ. ಅದನ್ನು ಚೀಲದಲ್ಲಿಟ್ಟುಕೊಂಡು ಆಧಾರನ್ನು ಮನೆಯಲ್ಲಿಡಿ.

ಅನುಮಾನ ಬಂದಾಗ

ಮೈಆಧಾರ್ ಪುಟದಲ್ಲಿ 'ದೃಢೀಕರಣ ಇತಿಹಾಸ' ಎಂಬುದನ್ನು ಆಗಾಗ ನೋಡಿ. ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಂದು, ಯಾವ ಸಂಸ್ಥೆಯಿಂದ, ಬೆರಳಚ್ಚಿನಿಂದಲೋ ಒಟಿಪಿಯಿಂದಲೋ ಬಳಕೆಯಾಯಿತು ಎಂಬ ಪಟ್ಟಿ ಸಿಗುತ್ತದೆ. ನೀವು ಹೋಗದ ಕಡೆ ನಿಮ್ಮ ಬೆರಳು ಹೋಗಿದ್ದರೆ ಅಲ್ಲೇ ತಿಳಿಯುತ್ತದೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು, ನಿಮ್ಮದಲ್ಲದ್ದನ್ನು ಅಲ್ಲಿಂದಲೇ ವರದಿ ಮಾಡಬಹುದು.

ಹಣ ಹೋಗಿದ್ದರೆ ಬ್ಯಾಂಕ್ ತೆರೆಯುವವರೆಗೆ ಕಾಯಬೇಡಿ. ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದುಕೊಳ್ಳಿ, ಬೆರಳಚ್ಚಿಗೆ ಬೀಗ ಹಾಕಿ. ಆಮೇಲೆ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿನ ದೂರು ದೂರಲ್ಲ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ತಪ್ಪು ನಿಮ್ಮದೂ ಅಲ್ಲದೆ ಬ್ಯಾಂಕಿನದೂ ಅಲ್ಲದೆ ಮೂರನೆಯವರದಾಗಿದ್ದು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ನೀವು ತಿಳಿಸಿದ್ದರೆ ನಷ್ಟದ ಹೊಣೆ ನಿಮ್ಮ ಮೇಲೆ ಬರುವುದಿಲ್ಲ. ಆ ಸುತ್ತೋಲೆಯ ಉಲ್ಲೇಖವನ್ನು ದೂರಿನಲ್ಲಿಯೇ ಬರೆಯಿರಿ. ಮೂವತ್ತು ದಿನಗಳಲ್ಲಿ ಬ್ಯಾಂಕ್ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 14448ಕ್ಕೆ ಕರೆ ಮಾಡಿದರೆ ದೂರು ಸಲ್ಲಿಸುವ ಕ್ರಮ ತಿಳಿಸುತ್ತಾರೆ. ಮೊಹರು ಬಿದ್ದ ದೂರಿನ ಪ್ರತಿ, 1930ರ ದೂರಿನ ಸಂಖ್ಯೆ, ಹಣ ಹೋದ ದಿನದ ಪಾಸ್‌ಬುಕ್ ಪುಟ, ಈ ಮೂರನ್ನೂ ಒಟ್ಟಿಗೆ ಪಿನ್ನು ಹಾಕಿ ಇಟ್ಟುಕೊಂಡಿರಿ.