ಎಲ್‌ಇಡಿ ಹಾಕುವ ಮೊದಲು ನ್ಯೂಟ್ರಲ್ ಬಿಗಿ ಮಾಡಿ

ಮಂಗಳೂರಿನ ಹಳೆಯ ಕಾಂಪ್ಲೆಕ್ಸ್‌ಗಳಲ್ಲಿ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕುವಾಗ ಉಳಿತಾಯದ ಲೆಕ್ಕ ಕಷ್ಟದ್ದಲ್ಲ. 36 ವ್ಯಾಟಿನ ಟ್ಯೂಬ್ ತಾಮ್ರದ ಚೋಕ್ ಸೇರಿ 50 ವ್ಯಾಟಿನ ಹತ್ತಿರ ಎಳೆಯುತ್ತದೆ. ಅಲ್ಲಿ 20 ವ್ಯಾಟಿನ ಎಲ್‌ಇಡಿ ಬ್ಯಾಟನ್ (ಪಟ್ಟಿಯಲ್ಲೇ ದೀಪ ಸೇರಿರುವ ಫಿಟ್ಟಿಂಗ್) ಸಾಕು. 100 ಫಿಟ್ಟಿಂಗ್, ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ಎಂದರೆ ಸುಮಾರು 9,000 ಯೂನಿಟ್ ಉಳಿಯಿತು. ಮೆಸ್ಕಾಂ ಬಿಲ್‌ನಲ್ಲಿರುವ ಯೂನಿಟ್ ದರದಿಂದ ಗುಣಿಸಿಕೊಳ್ಳಿ. ಫಿಕ್ಸೆಡ್ ಚಾರ್ಜ್ ಮಾತ್ರ ತಾನಾಗಿ ಇಳಿಯುವುದಿಲ್ಲ, ಮಂಜೂರಾದ ಲೋಡ್ ಕಡಿಮೆ ಮಾಡಿಸಲು ಬೇರೆಯೇ ಅರ್ಜಿ ಹಾಕಬೇಕು.

ಹಣ ಸೋರುವುದು ಆಮೇಲೆ, ಎಲ್‌ಇಡಿಗೆ ತಕ್ಕ ಕರೆಂಟ್ ಕೊಡುವ ಡ್ರೈವರ್‌ಗಳು ಸಾಲಾಗಿ ಸುಟ್ಟುಹೋದಾಗ. ಎಲ್ಲರೂ ಬೈಯುವುದು ಎಲ್‌ಇಡಿ ಕಂಪನಿಗೆ. ನಾವು ಮೊದಲು ತೆರೆಯುವುದು ಡಿಬಿಯನ್ನು, ಅಂದರೆ ಕರೆಂಟ್ ಹಂಚುವ ಪೆಟ್ಟಿಗೆಯನ್ನು. ಕಡಲ ಗಾಳಿಗೆ, ಕರೆಂಟ್ ವಾಪಸಾಗುವ ನ್ಯೂಟ್ರಲ್ ತಂತಿಗಳೆಲ್ಲ ಸೇರುವ ಬಾರಿನ ಸ್ಕ್ರೂ ಹಸಿರುಗಟ್ಟಿ ಸಡಿಲವಾಗಿರುತ್ತದೆ. ತ್ರೀ-ಫೇಸ್ ಕಟ್ಟಡದಲ್ಲಿ ನ್ಯೂಟ್ರಲ್ ಬಿಟ್ಟುಹೋದರೆ ಲೋಡ್ ಕಡಿಮೆ ಇರುವ ಫೇಸ್‌ನಲ್ಲಿ ವೋಲ್ಟೇಜ್ 300 ದಾಟಿಬಿಡಬಹುದು. ಪಕ್ಕದ ಫೇಸ್‌ನಲ್ಲಿ ಎಸಿ, ಈ ಫೇಸ್‌ನಲ್ಲಿ ಬರೀ ಎಲ್‌ಇಡಿ ಇದ್ದರೆ ಏಟು ಬೀಳುವುದು ಎಲ್‌ಇಡಿಗೇ. ಹಾಗಾಗಿ ಮೇನ್ ಆಫ್ ಮಾಡಿ, ತಂತಿ ತುದಿಯ ಲಗ್ ಬದಲಿಸಿ, ಬಾರ್ ಉಜ್ಜಿ ಬಿಗಿ ಮಾಡಿಯೇ ಮುಂದಿನ ಕೆಲಸ. ಮೇನ್ ಡಿಬಿಗೆ, ಸಿಡಿಲಿನಿಂದ ಕ್ಷಣಮಾತ್ರ ನುಗ್ಗುವ ಹೆಚ್ಚು ವೋಲ್ಟೇಜ್ ತಡೆಯುವ ಟೈಪ್-2 ಸರ್ಜ್ ಪ್ರೊಟೆಕ್ಟರ್ ಬೇಕೇಬೇಕು; ಅರ್ಥಿಂಗ್ ಸರಿ ಇಲ್ಲದಿದ್ದರೆ ಅದೂ ದಂಡ. ಪತ್ತನಾಜೆ (ಮೇ ಕೊನೆಯಲ್ಲಿ ಬರುವ ತುಳುನಾಡಿನ ದಿನ) ಹೊತ್ತಿನ ಸಿಡಿಲಿಗೆ ಮುಂಚೆ ಇಷ್ಟು ಮುಗಿದಿರಲಿ.

ಹಳೆಯ ಪಟ್ಟಿಗೇ ಎಲ್‌ಇಡಿ ಟ್ಯೂಬ್ ಸಿಕ್ಕಿಸುವುದಕ್ಕಿಂತ ಇಡೀ ಬ್ಯಾಟನ್ ಬದಲಿಸುವುದು ನಮಗೆ ಇಷ್ಟ. ಟ್ಯೂಬೇ ಬೇಕೆಂದರೆ ಚೋಕ್, ಸ್ಟಾರ್ಟರ್ ಎರಡನ್ನೂ ಕಿತ್ತು, ಫೇಸ್-ನ್ಯೂಟ್ರಲ್ ಒಂದೇ ತುದಿಗೋ ಎರಡು ತುದಿಗೋ ಎಂದು ಟ್ಯೂಬಿನ ಮೇಲಿನ ಚಿತ್ರ ನೋಡಿ ಕೊಡಿ. ಸ್ವಿಚ್ ಆಫ್ ಮಾಡಿದರೂ ಮಂಕಾಗಿ ಉರಿಯುತ್ತಿದ್ದರೆ ಸ್ವಿಚ್ ನ್ಯೂಟ್ರಲ್‌ನಲ್ಲಿದೆಯೇ ಎಂದು ಮೊದಲು ಟೆಸ್ಟರ್ ಹಿಡಿದು ನೋಡಿ. ಒಂದೇ ಎಂಸಿಬಿಯಲ್ಲಿ (ಹೆಚ್ಚು ಕರೆಂಟ್ ಹರಿದರೆ ತಾನಾಗಿ ಬೀಳುವ ಸ್ವಿಚ್) ಹತ್ತಾರು ಡ್ರೈವರ್ ಇದ್ದರೆ ಕರೆಂಟ್ ಬಂದ ಕ್ಷಣ ಟ್ರಿಪ್ ಆಗುತ್ತದೆ. ಬಿ-ಕರ್ವ್ ಎಂಸಿಬಿ ತೆಗೆದು, ಕ್ಷಣಿಕ ಹೆಚ್ಚು ಕರೆಂಟ್ ತಾಳುವ ಸಿ-ಕರ್ವ್ ಹಾಕಿ, ಆಂಪಿಯರ್ ಹೆಚ್ಚಿಸಬೇಡಿ.

ಬಹಳ ಮಂದಿ ಮರೆಯುವುದು ಕೆಪಾಸಿಟರ್ ಪ್ಯಾನಲ್. ಚೋಕ್‌ಗಳಿಂದ ಇಳಿದ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) ಸರಿಪಡಿಸಲು ಹಾಕಿದ ಖಾಯಂ ಕೆಪಾಸಿಟರ್, ಚೋಕ್ ಹೋದ ಮೇಲೂ ಲೈನಿನಲ್ಲೇ ಉಳಿದರೆ ಪವರ್ ಫ್ಯಾಕ್ಟರ್ ಲೀಡಿಂಗ್‌ಗೆ (ಕರೆಂಟ್ ವೋಲ್ಟೇಜ್‌ಗಿಂತ ಮುಂದೆ ಓಡುವ ಸ್ಥಿತಿಗೆ) ತಿರುಗುತ್ತದೆ; ಜನರೇಟರ್ ಮೇಲೆ ಓಡುವಾಗ ವೋಲ್ಟೇಜ್ ಏರುತ್ತದೆ. ಕೆಲಸ ಮುಗಿದ ಮೇಲೆ ಅಳೆದು, ಹೆಚ್ಚಾದದ್ದನ್ನು ಕಳಚಿ. ಎಲ್‌ಇಡಿ ಖರೀದಿಸುವಾಗಲೂ ಪೆಟ್ಟಿಗೆಯ ಮೇಲೆ ಪವರ್ ಫ್ಯಾಕ್ಟರ್ 0.9ಕ್ಕಿಂತ ಹೆಚ್ಚು ಇರಲಿ.

ಬೆಳಕು ಎಷ್ಟು ಬೇಕು? ಆಫೀಸ್ ಮೇಜಿನ ಮೇಲೆ 300ರಿಂದ 500 ಲಕ್ಸ್ (ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ), ಕಾರಿಡಾರ್‌ಗೆ 100 ಸಾಕು. ಎಷ್ಟೋ ಕಾರಿಡಾರ್‌ಗಳಲ್ಲಿ ಫಿಟ್ಟಿಂಗ್‌ಗಳ ಸಂಖ್ಯೆಯನ್ನೇ ಕಡಿಮೆ ಮಾಡಬಹುದು. ಮೆಟ್ಟಿಲು, ಶೌಚಾಲಯ, ಪಾರ್ಕಿಂಗ್‌ಗೆ, ಜನ ಬಂದಾಗ ಲೈಟ್ ಹೊತ್ತಿಸುವ ಸೆನ್ಸರ್ ಒಳ್ಳೆಯದು. ಆದರೆ ಪಿಐಆರ್ ಸೆನ್ಸರ್ ಗುರುತಿಸುವುದು ಮೈಬಿಸಿಯನ್ನು. ನಮ್ಮ ಏಪ್ರಿಲ್-ಮೇ ಸೆಕೆಗೆ ಮುಚ್ಚಿದ ಪಾರ್ಕಿಂಗಿನಲ್ಲಿ ಅದು ಮಂದವಾಗುತ್ತದೆ. ಅಲ್ಲಿಗೆ ಮೈಕ್ರೋವೇವ್ ಸೆನ್ಸರ್ ಹಾಕಿ. ತೆಳು ಪಾರ್ಟಿಷನ್ ಇರುವ ಕಡೆ ಅದು ಬೇಡ, ಆಚೆ ಓಡಾಡಿದರೂ ಈಚೆ ಲೈಟ್ ಹೊತ್ತುತ್ತದೆ.

ಹೊರಗಿನ ಫ್ಲಡ್‌ಲೈಟ್ ಐಪಿ66 (ದೂಳು, ರಭಸದ ನೀರು ತಡೆಯುವ ದರ್ಜೆ) ಇದ್ದರೂ, ಕೇಬಲ್ ಒಳಹೋಗುವಲ್ಲಿನ ಗ್ಲ್ಯಾಂಡ್ ಸಡಿಲವಾದರೆ ಮೊದಲ ಮಳೆಗೇ ಒಳಗೆ ನೀರು. ನೀರು ಕೆಳಗೇ ತೊಟ್ಟಿಕ್ಕುವಂತೆ ಕೇಬಲ್ ಕೆಳಗೆ ಬಳುಕಿ ಮೇಲೆ ಬರುವಂತಿರಲಿ. ಸ್ಕ್ರೂ, ಕ್ಲಾಂಪ್ ಸ್ಟೇನ್‌ಲೆಸ್ ಸ್ಟೀಲಿನದೇ ಆಗಲಿ. ಕಳಚಿದ ಟ್ಯೂಬ್‌ಗಳಲ್ಲಿ ಪಾದರಸ ಇರುವುದರಿಂದ ಒಡೆಯದೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ. ಚೋಕ್‌ಗಳನ್ನು ಬೇರೆ ಮಾಡಿಡಿ, ತಾಮ್ರಕ್ಕೆ ಬೆಲೆ ಸಿಗುತ್ತದೆ.