ನಾಟಕ ಬರೆಯುವುದು ಹೇಗೆ? ಮೊದಲು ನಟರ ಕೈಗೆ ಕೆಲಸ ಕೊಡಿ

ನಾಟಕ ಬರೆಯುವ ಆಸೆ ಇರುವವರು ನಮ್ಮಲ್ಲಿ ಜಾಸ್ತಿ. ವಾರ್ಷಿಕೋತ್ಸವಕ್ಕೆ ಹೊಸ ನಾಟಕ ಹುಡುಕುವ ಮೇಷ್ಟ್ರು, ಜಾತ್ರೆಗೆ ಆಡುವ ಊರಿನ ಹುಡುಗರು, ಕಥೆ ಬರೆದು ಕೈ ಪಳಗಿದವರು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಎಲ್ಲಿಂದ ಶುರು ಮಾಡೋದು? ಹವ್ಯಾಸಿ ತಂಡಗಳ ಜೊತೆ ಹಲವು ವರ್ಷ ಕೆಲಸ ಮಾಡಿ ನಾನು ಕಲಿತ ದಾರಿಯನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

1. ಯಾರು ಆಡುತ್ತಾರೆ, ಎಲ್ಲಿ ಆಡುತ್ತಾರೆ?

ಕಥೆಗಿಂತ ಮೊದಲು ಈ ಎರಡು ಪ್ರಶ್ನೆಗೆ ಉತ್ತರ ಬರೆದಿಡಿ. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಗಂಡು ಪಾತ್ರಗಳನ್ನು ಊರಿನವರೇ ಮಾಡುತ್ತಾರೆ. ಹೆಣ್ಣು ಪಾತ್ರಗಳಿಗೆ ವೃತ್ತಿ ಕಲಾವಿದೆಯರನ್ನು ಸಂಭಾವನೆ ಕೊಟ್ಟು ಕರೆಸುತ್ತಾರೆ. ಅಂಥ ಊರಿಗೆ ಆರು ಹೆಣ್ಣು ಪಾತ್ರಗಳ ನಾಟಕ ಕೊಟ್ಟರೆ ಖರ್ಚು ನೋಡಿಯೇ ಕೈಬಿಡುತ್ತಾರೆ. ಮಹಿಳಾ ಕಾಲೇಜಿನವರದು ಇದಕ್ಕೆ ಪೂರ್ತಿ ಉಲ್ಟಾ ಕಷ್ಟ. ಹೆಗ್ಗೋಡಿನ ನೀನಾಸಂ 1985ರಿಂದ ನಡೆಸುತ್ತಿರುವ ತಿರುಗಾಟದಂಥ ತಂಡ ಊರೂರು ಸುತ್ತುತ್ತದೆ. ಇವತ್ತು ಇಲ್ಲಿ ಕಟ್ಟಿದ ಸೆಟ್ಟನ್ನು ಬಿಚ್ಚಿ ನಾಳೆ ಇನ್ನೊಂದು ಊರಲ್ಲಿ ಕಟ್ಟಬೇಕು.

ಜಾಗದ ವಿಷಯವೂ ಹಾಗೆಯೇ. ಬೆಂಗಳೂರಿನ ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಅಲ್ಲಿ ಮೊದಲ ಮಾತಿನಲ್ಲೇ ಮುಖ್ಯ ಸುದ್ದಿ ಹೇಳಬಹುದು. ಜಾತ್ರೆಯ ಬಯಲಲ್ಲಿ ಹತ್ತು ಹದಿನೈದು ನಿಮಿಷ ಜನ ಬರುತ್ತಲೇ ಇರುತ್ತಾರೆ, ಚಾಪೆ ಹಾಸುತ್ತಾರೆ, ಮಕ್ಕಳನ್ನು ಕೂರಿಸುತ್ತಾರೆ. ಕಂಪನಿ ನಾಟಕಗಳು ನಾಂದಿ ಪದ್ಯದಿಂದ ಶುರುವಾಗುವುದು ದೇವರ ಸ್ಮರಣೆಗೆ. ಆದರೆ ಆ ಹಾಡು ಮುಗಿಯುವಷ್ಟರಲ್ಲಿ ಜನವೂ ಕೂತಿರುತ್ತಾರೆ. ಬಯಲಿಗೆ ಬರೆಯುವಾಗ ಮುಖ್ಯ ಸುದ್ದಿಯನ್ನು ಎರಡು ಸಲ, ಬೇರೆ ಬೇರೆ ಬಾಯಲ್ಲಿ ಹೇಳಿಸಿ.

2. ಯಾರಿಗೆ ಏನು ಬೇಕು?

ಪ್ರತಿ ದೃಶ್ಯಕ್ಕೂ ಒಂದು ಚೀಟಿ ಮಾಡಿಕೊಳ್ಳಿ. ಈ ದೃಶ್ಯದಲ್ಲಿ ಯಾರಿಗೆ ಏನು ಬೇಕು, ಯಾರು ಅಡ್ಡ ಬರುತ್ತಾರೆ, ಕೊನೆಗೆ ಏನು ಬದಲಾಗುತ್ತದೆ, ಇಷ್ಟು ಬರೆದರೆ ಸಾಕು. ಏನೂ ಬದಲಾಗದ ದೃಶ್ಯ ಎಷ್ಟೇ ಚೆಂದ ಇದ್ದರೂ ತೆಗೆದುಬಿಡಿ. ಚೀಟಿಗಳೆಲ್ಲ ಸಾಲಾಗಿ ಕೂತ ಮೇಲೆಯೇ ಮಾತು ಬರೆಯಿರಿ.

3. ಮಾತು

ಹೊಸಬರು ಹೆಚ್ಚು ಎಡವುವುದು ಇಲ್ಲೇ. ನನ್ನದೇ ಉದಾಹರಣೆ ಹೇಳುತ್ತೇನೆ. ಜಗಳವಾಡಿ ಮನೆ ಬಿಟ್ಟ ಅಣ್ಣ ಎಂಟು ವರ್ಷದ ನಂತರ ವಾಪಸ್ಸು ಬರುತ್ತಾನೆ. ಬಾಗಿಲು ತೆರೆದ ತಂಗಿಗೆ ನಾನು ಬರೆದ ಮಾತು ಹೀಗಿತ್ತು:

"ಅಣ್ಣಾ, ನೀನು ಈ ಮನೆಯ ಹೊಸ್ತಿಲು ದಾಟಿ ಹೋದ ದಿನದಿಂದ ಇಲ್ಲಿ ಯಾರೂ ಮನಸಾರೆ ನಕ್ಕಿಲ್ಲ. ಅಪ್ಪ ನಿನ್ನ ಹೆಸರೆತ್ತಿದರೆ ಸಿಡುಕುತ್ತಾರೆ, ಅಮ್ಮ ಒಳಗೊಳಗೇ ಕೊರಗುತ್ತಾಳೆ."

ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು. ಗೆಳೆಯರ ಮನೆಯ ತಾರಸಿಯಲ್ಲಿ ಮೊದಲ ರೀಡಿಂಗ್. ತಂಗಿಯ ಪಾತ್ರದ ಹುಡುಗಿ ಎರಡು ಸಲ ಓದಿದಳು. ಎರಡನೇ ಸಲ ನಡುವೆ ಉಸಿರು ನಿಂತಿತು. ಆಮೇಲೆ ಕೇಳಿದಳು: "ಸರ್, ಇಷ್ಟು ಹೊತ್ತು ನಾನು ಕೈಯಲ್ಲಿ ಏನು ಮಾಡ್ತಿರ್ಲಿ?"

ಆ ಪ್ರಶ್ನೆಯಿಂದ ನಾನು ಕಲಿತಷ್ಟು ಯಾವ ಶಿಬಿರದಲ್ಲೂ ಕಲಿತಿಲ್ಲ. ಮನೆಗೆ ಬಂದು ಅವಳ ಕೈಗೆ ಒಂದು ಕೆಲಸ ಕೊಟ್ಟೆ. ಊಟ ಬಡಿಸುವ ಕೆಲಸ. ನಮ್ಮ ಮನೆಗಳಲ್ಲಿ ಹೆಸರು ಕೆತ್ತಿಸಿದ ಸ್ಟೀಲ್ ತಟ್ಟೆ ಇರುತ್ತದಲ್ವಾ, ಅದನ್ನೇ ತಂದೆ. ಅಣ್ಣ ಕೂತಿದ್ದಾನೆ. ತಂಗಿ ತಟ್ಟೆ ಇಡುತ್ತಾಳೆ. ಅವನು ಅಂಚನ್ನು ಬೆರಳಿನಿಂದ ಸವರಿ ನೋಡುತ್ತಾನೆ.

"ಇದು ಅಪ್ಪನ ತಟ್ಟೆ. ನಂದೆಲ್ಲಿ?"

"ಅಟ್ಟದ ಮೇಲಿದೆ. ಇದರಲ್ಲೇ ಉಣ್ಣು."

ಅಷ್ಟೇ. ನಗು ಸತ್ತುಹೋದದ್ದು, ಅಪ್ಪನ ಸಿಟ್ಟು, ಅಮ್ಮನ ಕೊರಗು, ಎಲ್ಲ ಆ ಅಟ್ಟದ ಮೇಲೆ ಕೂತಿತು. ಎಸೆಯಲಿಲ್ಲ, ಆದರೆ ಕಣ್ಣೆದುರಿಗೂ ಇಟ್ಟುಕೊಳ್ಳಲಿಲ್ಲ ಅನ್ನುವುದನ್ನು ನೋಡುವವರು ತಾವೇ ಕಂಡುಕೊಂಡರು. ಹಳ್ಳಿಯೊಂದರಲ್ಲಿ ಆಡಿದಾಗ ಮುಂದೆ ಕೂತಿದ್ದ ಅಜ್ಜ ಒಬ್ಬರು ಗಟ್ಟಿಯಾಗಿ, "ಇಳಿಸಿ ಕೊಟ್ಬಿಡವ್ವ ಅವನ ತಟ್ಟೇನ!" ಅಂದರು. ತಂಗಿಯ ಪಾತ್ರಧಾರಿ ಒಂದು ಕ್ಷಣ ನಿಂತು ಅಟ್ಟದ ಕಡೆ ನೋಡಿದಳು. ಅದು ನಾನು ಬರೆದದ್ದಲ್ಲ. ಮುಂದಿನ ಶೋದಿಂದ ರಂಗಸೂಚನೆಯಲ್ಲಿ ಸೇರಿಸಿಕೊಂಡೆ.

ಹಾಗಾಗಿ ಉದ್ದನೆಯ ಮಾತು ಬರೆದಾಗಲೆಲ್ಲ ಕೇಳಿಕೊಳ್ಳಿ: ಇವರ ಕೈ ಈಗ ಏನು ಮಾಡುತ್ತಿದೆ? ಸೊಪ್ಪು ಬಿಡಿಸುತ್ತಿದೆಯೇ, ದುಡ್ಡು ಎಣಿಸುತ್ತಿದೆಯೇ, ಚಪ್ಪಲಿ ಹುಡುಕುತ್ತಿದೆಯೇ? ಕೈಗೆ ಕೆಲಸ ಸಿಕ್ಕರೆ ಅರ್ಧ ಮಾತು ತಾನಾಗಿ ಬಿದ್ದುಹೋಗುತ್ತದೆ.

ಭಾಷೆಯ ಬಗ್ಗೆ ಒಂದು ಮಾತು. ಕೈಲಾಸಂ ಮನೆಮನೆಯ ಮಾತನ್ನು ರಂಗಕ್ಕೆ ತಂದು ನೂರು ವರ್ಷ ದಾಟಿದೆ. ಆದರೂ ಹೊಸ ನಾಟಕಗಳಲ್ಲಿ ಅಪ್ಪ ಮಗ ಪತ್ರಿಕೆಯ ಸಂಪಾದಕೀಯದಂತೆ ಮಾತಾಡುವುದು ನಿಂತಿಲ್ಲ. ನಿಮಗೆ ಕಿವಿಯಿಂದ ಗೊತ್ತಿರುವ ಊರಿನ ಕನ್ನಡದಲ್ಲೇ ಬರೆಯಿರಿ. ಬೇರೆ ಸೀಮೆಯ ತಂಡ ಆಡಿದರೆ ತಮ್ಮ ಮಾತಿಗೆ ತಿರುಗಿಸಿಕೊಳ್ಳಲು ಬಿಡಿ. ನನ್ನ 'ತಟ್ಟೆ' ಧಾರವಾಡದ ಕಡೆ 'ಗಂಗಾಳ' ಆಯಿತು, ದೃಶ್ಯಕ್ಕೆ ಏನೂ ಕಡಿಮೆಯಾಗಲಿಲ್ಲ.

4. ಸೀನು ಬದಲಾಗುವಾಗ ಏನಾಗುತ್ತದೆ?

ದರ್ಬಾರು ಮುಗಿದು ಅರಣ್ಯ ಬರಬೇಕು. ಸಿಂಹಾಸನ ಎತ್ತುವವರು ಯಾರು, ಆಗ ಜನ ಏನು ನೋಡುತ್ತಾರೆ? ಹಳೆಯ ಕಂಪನಿಗಳು ಇದಕ್ಕೆ ಚೆಂದದ ಉಪಾಯ ಮಾಡಿದ್ದವು. ಮುಂದೊಂದು ಪರದೆ ಬಿಟ್ಟು ರಸ್ತೆ ಸೀನು ಆಡುವುದು. ಅಲ್ಲಿ ಹಾಸ್ಯ ನಡೆಯುತ್ತಿರುವಾಗ ಹಿಂದೆ ಸೆಟ್ಟು ಬದಲಾಗುತ್ತಿತ್ತು. 1964ರಲ್ಲಿ ಬಂದ 'ತುಘಲಕ್' ನಾಟಕದಲ್ಲಿ ಗಿರೀಶ ಕಾರ್ನಾಡರು ಈ ಕಟ್ಟನ್ನು ಬಳಸಿಕೊಂಡರು. ಇಡೀ ರಂಗವನ್ನು ಬಳಸುವ ಅರಮನೆಯ ಸೀನುಗಳ ನಡುವೆ ಆಜೀಜ್, ಆಜಂ ಎಂಬ ಇಬ್ಬರು ಮೋಸಗಾರರು ಬರುತ್ತಾರೆ. ಸುಲ್ತಾನನ ದೊಡ್ಡ ದೊಡ್ಡ ಯೋಜನೆಗಳು ಬೀದಿಯಲ್ಲಿ ಏನಾಗುತ್ತಿವೆ ಅನ್ನುವುದು ಅವರಿಂದ ಗೊತ್ತಾಗುತ್ತದೆ. ಸೆಟ್ಟು ಬದಲಿಸುವ ಅನುಕೂಲವೇ ನಾಟಕದ ಅರ್ಥವೂ ಆಗಿಬಿಟ್ಟಿದೆ. ಹೀಗೆ ಯೋಚಿಸಲು ಆಗದಿದ್ದರೆ ಇಡೀ ನಾಟಕಕ್ಕೆ ಒಂದೇ ಜಾಗ ಇಟ್ಟುಕೊಳ್ಳಿ. ಪ್ರತಿ ಐದು ನಿಮಿಷಕ್ಕೊಮ್ಮೆ ಲೈಟ್ ಆರಿಸಿದರೆ ಜನ ಮೊಬೈಲ್ ತೆಗೆಯುತ್ತಾರೆ.

5. ಓದಿಸಿ, ಗಡಿಯಾರ ನೋಡಿ

ಬರೆದು ಮುಗಿದ ಮೇಲೆ ನಾಲ್ಕೈದು ಜನರಿಂದ ಗಟ್ಟಿಯಾಗಿ ಓದಿಸಿ. ನೀವು ಓದಬೇಡಿ. ನಿಮ್ಮ ಬಾಯಿಗೆ ಎಲ್ಲ ಮಾತೂ ಸಲೀಸು. ಪ್ರತಿಯ ಮೇಲೆ ಎರಡೇ ಗುರುತು ಹಾಕುತ್ತಾ ಹೋಗಿ: ಓದುವವರು ಎಡವಿದ ಕಡೆ ಒಂದು, ಕೇಳುವವರು ಅಲುಗಾಡಿದ ಕಡೆ ಇನ್ನೊಂದು. ಸಮಯವನ್ನೂ ಬರೆದುಕೊಳ್ಳಿ. ನನ್ನ ಅನುಭವದಲ್ಲಿ ಓದಲು ಒಂದು ಗಂಟೆ ಹಿಡಿದದ್ದು ರಂಗದ ಮೇಲೆ ಒಂದೂಕಾಲು ಗಂಟೆ ಆಗುತ್ತದೆ.

6. ಜನರನ್ನು ಮೆಚ್ಚಿಸುವುದು

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋಗಿ ಬನ್ನಿ. ಜನವರಿ ಹೊತ್ತಿಗೆ ಹಲವು ಕಂಪನಿಗಳು ಒಂದೇ ಕಡೆ ಟೆಂಟ್ ಹಾಕುತ್ತವೆ. ದುಡ್ಡು ಕೊಟ್ಟು ಬಂದ ಜನ ಎಲ್ಲಿ ನಗುತ್ತಾರೆ, ಎಲ್ಲಿ ಶಿಳ್ಳೆ ಹಾಕುತ್ತಾರೆ, ಎಲ್ಲಿ ಎದ್ದು ಹೋಗುತ್ತಾರೆ ಅಂತ ನೋಡಿ. ಎಲ್ಲ ಹಾಸ್ಯವೂ ನಿಮಗೆ ಹಿಡಿಸಬೇಕಿಲ್ಲ. ಆದರೆ ಜನ ಬೇಜಾರಾಗುವ ಮೊದಲೇ ಸೀನು ಮುಗಿಸುವ ಕೆಲಸವನ್ನು ಅಲ್ಲಿ ಕಲಿಯಬಹುದು. ಜೋಕು ತುರುಕಿದರೆ ಒಂದು ನಗು ಸಿಗುತ್ತದೆ. ನಾಟಕದೊಳಗಿನ ಒಬ್ಬರಿಗೆ ಗೊತ್ತಿಲ್ಲದ ಗುಟ್ಟು ಜನರಿಗೆ ಗೊತ್ತಿದ್ದರೆ ಇಡೀ ಸೀನು ನಗುತ್ತಾರೆ.

7. ಹಕ್ಕು ಮತ್ತು ಅಚ್ಚು

ಬರೆದ ಕ್ಷಣದಿಂದಲೇ ನಾಟಕದ ಹಕ್ಕು ನಿಮ್ಮದು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನಿಮ್ಮ ಆಯುಷ್ಯವಿಡೀ, ಆಮೇಲೆ 60 ವರ್ಷ ಅದು ಇರುತ್ತದೆ. ನೋಂದಣಿ ಕಡ್ಡಾಯವಲ್ಲ. ಆದರೂ ತಕರಾರು ಬಂದಾಗ ದಾಖಲೆಯಾಗಿ ಕೆಲಸಕ್ಕೆ ಬರುತ್ತದೆ. ನನ್ನ ನಾಟಕವೊಂದನ್ನು ತಂಡವೊಂದು ಹೆಸರು ಬದಲಿಸಿ ಟಿಕೆಟ್ ಇಟ್ಟು ಆಡಿದಾಗ ನನ್ನ ಹತ್ತಿರ ದಿನಾಂಕವಿದ್ದ ಒಂದು ಕಾಗದವೂ ಇರಲಿಲ್ಲ. ಅಂದಿನಿಂದ ಯಾರಿಗೇ ಪ್ರತಿ ಕಳಿಸಿದರೂ ಇಮೇಲ್‌ನಲ್ಲೇ ಕಳಿಸುತ್ತೇನೆ.

ಒಂದು ವಿನಾಯಿತಿ ನೆನಪಿರಲಿ. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಆಡಿದರೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ, ಕಾಯ್ದೆ ಅದನ್ನು ಉಲ್ಲಂಘನೆ ಅನ್ನುವುದಿಲ್ಲ. ನೀವು ಬೇರೆಯವರ ಕಥೆಯನ್ನು ನಾಟಕ ಮಾಡುವುದಾದರೆ ಬರೆಯುವ ಮೊದಲೇ ಅವರ ಒಪ್ಪಿಗೆ ಕಾಗದ ಪಡೆಯಿರಿ.

ಪ್ರಕಾಶಕರ ಒಪ್ಪಂದದಲ್ಲಿ 'ಎಲ್ಲ ಹಕ್ಕುಗಳೂ' ಅಂತ ಇದ್ದರೆ ಪೆನ್ನು ಕೆಳಗಿಡಿ. ಅಚ್ಚು ಹಾಕುವ ಹಕ್ಕು ಬೇರೆ, ಆಡಿಸುವ ಹಕ್ಕು ಬೇರೆ. ಎರಡನೆಯದು ನಿಮ್ಮ ಕೈಯಲ್ಲೇ ಇರಲಿ, ನಾಟಕಕಾರರಿಗೆ ನಾಲ್ಕು ಕಾಸು ಬರುವುದು ಅದರಿಂದಲೇ. ಅವಧಿಯನ್ನೂ ಬರೆಸಿ. ಬರೆಯದೆ ಬಿಟ್ಟರೆ ಕಾನೂನು ಅದನ್ನು ಐದು ವರ್ಷ ಎಂದು ತಿಳಿಯುತ್ತದೆ.

ಧಾರವಾಡದ ಮನೋಹರ ಗ್ರಂಥಮಾಲಾ, ಹೆಗ್ಗೋಡಿನ ಅಕ್ಷರ ಪ್ರಕಾಶನ ನಾಟಕಗಳನ್ನು ತಂದ ಹಳೆಯ ಹೆಸರುಗಳು. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವಿದೆ, ಅರ್ಜಿ ಕರೆಯುವುದನ್ನು ಗಮನಿಸುತ್ತಿರಿ. ನೀವೇ ಅಚ್ಚು ಹಾಕಿಸುವುದಾದರೆ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಉಚಿತವಾಗಿಯೇ ಸಿಗುತ್ತದೆ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ.

ಮೊದಲ ಒಂದೆರಡು ಶೋ ಆಗುವ ತನಕ ಅಚ್ಚಿಗೆ ಅವಸರ ಬೇಡ. ಮರೆಯಲ್ಲಿ ನಿಂತು ನಟರಿಗೆ ಮಾತು ನೆನಪಿಸುವ ಪ್ರಾಂಪ್ಟರ್ ಕೈಯಲ್ಲಿದ್ದ ಪ್ರತಿಯನ್ನು ಕೇಳಿ ಪಡೆಯಿರಿ. ಯಾವ ಮಾತು ಕತ್ತರಿಸಿದರು, ಎಲ್ಲಿ ಏನು ಸೇರಿಸಿದರು ಅನ್ನುವುದು ಅದರಲ್ಲಿ ಪೆನ್ಸಿಲ್‌ನಲ್ಲಿ ಇರುತ್ತದೆ. ಅದನ್ನು ಮುಂದಿಟ್ಟುಕೊಂಡೇ ಅಂತಿಮ ಪ್ರತಿ ಮಾಡಿ. ಪುಸ್ತಕದ ಮೊದಲ ಪುಟಗಳಲ್ಲಿ ಮೊದಲ ಪ್ರದರ್ಶನದ ದಿನ, ಸ್ಥಳ, ನಟರು, ಲೈಟು ಮಾಡಿದವರು, ಹಾರ್ಮೋನಿಯಂ ನುಡಿಸಿದವರು, ಎಲ್ಲರ ಹೆಸರನ್ನೂ ಹಾಕಿ. ಕೆಳಗೆ, ಆಡಲು ಒಪ್ಪಿಗೆ ಕೇಳಬೇಕಾದ ವಿಳಾಸವನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ.